ಕಳಲೆಯೂ ಮಂಡಕ್ಕಿಯೂ ಕೂಡುವ ಊರು

ಶಿವಮೊಗ್ಗಕ್ಕೆ ಪ್ರವಾಸ ಬರುವವರು ಶಿವಮೊಗ್ಗಕ್ಕೆ ಬರುವುದಿಲ್ಲ. ಜೋಗಕ್ಕೆ ಬರುತ್ತಾರೆ, ಆಗುಂಬೆಗೆ ಬರುತ್ತಾರೆ, ಸಿಗಂದೂರು, ಕೊಡಚಾದ್ರಿಗೆ ಬರುತ್ತಾರೆ. ಬೆಳಗಿನ ಜಾವ ರೈಲಿಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಬಿಸಿ ದೋಸೆ ತಿಂದು, ಒಂಬತ್ತರೊಳಗೆ ಊರು ಬಿಡುತ್ತಾರೆ. ಭದ್ರಾವತಿಯ ಪಾಡು ಇನ್ನೂ ಕಷ್ಟ. ಆ ಸ್ಟೇಷನ್ ಬಂದರೆ ‘ಇನ್ನೇನು ಶಿವಮೊಗ್ಗ ಬಂತು’ ಅಂತ ಬ್ಯಾಗು ಕೆಳಗಿಳಿಸಿಕೊಳ್ಳುತ್ತಾರೆ, ಅಷ್ಟೇ. 2023ರ ಫೆಬ್ರವರಿಯಲ್ಲಿ ಎರಡೂ ಊರಿಗೆ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೂ ವಿಮಾನದಿಂದ ಇಳಿದವರ ಟ್ಯಾಕ್ಸಿ ತಿರುಗುವುದು ಘಟ್ಟದ ಕಡೆಗೇ.

ಅವರನ್ನು ದೂರಿ ಪ್ರಯೋಜನವಿಲ್ಲ. ನಿಮ್ಮೂರಲ್ಲಿ ನೋಡೋದಕ್ಕೆ ಏನಿದೆ ಅಂತ ಕೇಳಿದರೆ ನಾವೂ ಊರಾಚೆಗೇ ಕೈ ತೋರಿಸುತ್ತೇವೆ. ಸಕ್ರೆಬೈಲಿನಲ್ಲಿ ಆನೆ ನೋಡಿ, ಕೂಡ್ಲಿಯಲ್ಲಿ ತುಂಗಾ-ಭದ್ರಾ ಸಂಗಮ ನೋಡಿ, ಲಕ್ಕವಳ್ಳಿಯಲ್ಲಿ ಡ್ಯಾಮ್ ನೋಡಿ. ಊರೊಳಗೆ ನೋಡುವಂಥದ್ದು ಕಡಿಮೆ, ಒಪ್ಪೋಣ. ತಿನ್ನುವಂಥದ್ದು ಇದೆ. ಅದೂ ಈಗ, ಆಷಾಢದಲ್ಲಿ. ಮದುವೆ-ಮುಂಜಿಯಿಲ್ಲದೆ ಛತ್ರಗಳಿಗೆ ಬೀಗ ಬಿದ್ದಿದೆ. ಸಂಜೆ ಐದಕ್ಕೇ ದೀಪ ಹಾಕುವಷ್ಟು ಮೋಡ. ಜನ ಮನೆಯಲ್ಲೇ ಇದ್ದಾರೆ, ಒಲೆಯೂ ಉರಿಯುತ್ತಿದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನೂರು ಕಿಲೋಮೀಟರಿನೊಳಗೆ ಶಿವಮೊಗ್ಗ ಮುಟ್ಟುವಷ್ಟರಲ್ಲಿ 1,000ದ ಆಸುಪಾಸಿಗೆ ಇಳಿದಿರುತ್ತದೆ. ತೀರ್ಥಹಳ್ಳಿಯವರ ಕಣ್ಣಿಗೆ ಶಿವಮೊಗ್ಗ ಅಂದರೆ ಬಯಲುಸೀಮೆ, ದಾವಣಗೆರೆಯವರ ಕಣ್ಣಿಗೆ ಅದೇ ಮಲೆನಾಡು. ಇಬ್ಬರದೂ ಸುಳ್ಳಲ್ಲ. ಗಾಜನೂರು ದಾಟಿ ಮೇಲಕ್ಕೆ ಹೋದರೆ ಅಡಿಕೆ, ಬಿದಿರು, ಕೆಸುವು. ಇತ್ತ ಹೊನ್ನಾಳಿ ದಾರಿ ಹಿಡಿದರೆ ಬಯಲು, ಮೆಕ್ಕೆಜೋಳ, ಮುಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು. ಎರಡು ಕಡೆಯ ಸರಕೂ ಬಂದು ಬೀಳುವುದು ಗಾಂಧಿ ಬಜಾರಿನ ಆಸುಪಾಸಿನಲ್ಲಿ. ಬೆಳಿಗ್ಗೆ ಕಳಲೆ ಕೊಂಡವರೇ ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಳ್ಳುತ್ತಾರೆ. ಈ ಎರಡೂ ಒಂದೇ ಮನೆಯಲ್ಲಿ ಒಂದೇ ದಿನ ನಡೆಯುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಶಿವಮೊಗ್ಗದ ರುಚಿ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ನಮ್ಮ ಕಡೆ ಮಳೆಯನ್ನು ತಾರೀಕಿನ ಮೇಲೆ ಲೆಕ್ಕ ಹಾಕುವುದಿಲ್ಲ, ನಕ್ಷತ್ರದ ಮೇಲೆ ಹಾಕುತ್ತೇವೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ: ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಅಂದರೆ ಶಾಲೆಗೆ ರಜೆ ಇದೆಯೋ ಇಲ್ಲವೋ ಅಂತ ಮಕ್ಕಳು ಫೋನು ನೋಡುತ್ತಾರೆ. ಅಜ್ಜಿ ಮಾತ್ರ ಪಂಚಾಂಗ ತೆಗೆದು ಮಳೆ ಹುಟ್ಟಿದ್ದು ಹಗಲೋ ರಾತ್ರಿಯೋ ಅಂತ ಹುಡುಕುತ್ತಾಳೆ. ಸಂತೆಯೂ ಅಜ್ಜಿಯ ಕಡೆಗೇ. ಮುಂಗಾರು ಹಿಡಿದುಕೊಂಡ ಮೇಲೆ ಕಳಲೆ, ಮರ ನೆನೆದ ಮೇಲೆ ಮರಗೆಸು, ಗುಡುಗು ಸಿಡಿಲಿನ ಹಿಂದೆ ಅಣಬೆ, ಗದ್ದೆಯಲ್ಲಿ ನೀರು ನಿಂತ ಮೇಲೆ ಏಡಿ.

ಕಳಲೆ ಅಂದರೆ ಬಿದಿರಿನ ಎಳೆ ಮೊಳಕೆ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತ ಹೆಂಗಸಿನ ಮುಂದೆ ಒಂದು ಬಕೆಟ್ಟು. ಅದರೊಳಗೆ ನೀರಿನಲ್ಲಿ ತೇಲುವ ತೆಳು ಬಿಲ್ಲೆಗಳು, ಎಳೆ ದಂತದ ಬಣ್ಣ, ಹತ್ತಿರ ಹೋದರೆ ಹುಳಿ ಬೆರೆತ ಹಸಿ ವಾಸನೆ. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ, ಗೊತ್ತಿದ್ದವರು ಅದೇ ವಾಸನೆ ಹಿಡಿದು ಬರುತ್ತಾರೆ.

‘ಎಷ್ಟು ದಿನ ನೆನೆದಿದೆ ಅಕ್ಕಾ?’

‘ನಿನ್ನೆ ಹೆಚ್ಚಿದ್ದು ಸಾರ್. ಇನ್ನೆರಡು ದಿನ ಇಡಿ, ದಿನಾ ನೀರು ಬದಲಾಯ್ಸಿ. ಅವಸರ ಮಾಡ್ಬೇಡಿ ಮತ್ತೆ, ಹೊಟ್ಟೆ ಕೆಡುತ್ತೆ.’

ಮಾರುವವಳೇ ಇವತ್ತು ತಿನ್ನಬೇಡಿ ಅನ್ನುವ ಸರಕು ಬೇರೆ ಯಾವುದಿದೆ? ಎಳೆ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಹೆಚ್ಚಿ, ನೆನೆಸಿ, ನೀರು ಚೆಲ್ಲಿ, ಬೇಯಿಸಿದರೆ ಅದು ಹೋಗುತ್ತದೆ. ಪ್ರಯೋಗಾಲಯದ ಮಾತು ಊರಿಗೆ ತಲುಪುವ ಎಷ್ಟೋ ಮೊದಲೇ ನಮ್ಮ ಅಡುಗೆಮನೆಗಳು ಮೂರು ದಿನದ ಈ ಲೆಕ್ಕ ಹಿಡಿದಿದ್ದವು. ಮೂರನೇ ದಿನ ಹೆಸರುಕಾಳೋ ಹುರುಳಿಕಾಳೋ ಸೇರಿಸಿ, ತೆಂಗಿನಕಾಯಿ ಮಸಾಲೆ ಅರೆದು ಹಾಕಿ ಕುದಿಸಿದರೆ, ಕಡುಬಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಕೆಸುವಿನದೂ ಇದೇ ಜಾತಿಯ ಹಟ. ಹುಣಸೆಹುಳಿ ಕಡಿಮೆ ಮಾಡಿದಿರೋ, ಗಂಟಲು ಕೆರೆತ ನಾಳೆಯವರೆಗೆ ಬಿಡುವುದಿಲ್ಲ. ಎಲೆಗೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ ಪತ್ರೊಡೆ ಒಂದು ದಿನದ ಕೆಲಸ. ಹಲಸಿನದು ಇಷ್ಟು ರಗಳೆಯಿಲ್ಲ. ಬೇಸಿಗೆಯಲ್ಲಿ ತಿಂದ ಹಣ್ಣಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮೂಲೆಯಲ್ಲಿಟ್ಟರೆ ಮಳೆಗಾಲದ ಸಾರಿಗೆ ಆಯಿತು. ಏಪ್ರಿಲ್ ಬಿಸಿಲಲ್ಲಿ ಒಣಗಿದ ಹಪ್ಪಳದ ಡಬ್ಬಿ ತೆಗೆಯುವುದೂ ಈಗಲೇ. ಅಡುಗೆಮನೆಯ ಹಗ್ಗದ ಮೇಲೆ ಒಣಗದ ಯೂನಿಫಾರಂ, ಅದರ ಕೆಳಗೆ ಹಪ್ಪಳ ಕರಿಯುವ ಬಾಣಲೆ. ಮಕ್ಕಳ ಅಂಗಿಗೆ ಎಣ್ಣೆ ವಾಸನೆ ಹಿಡಿಯಿತು ಅಂತ ಶಾಲೆಯವರು ಬೈದದ್ದಿಲ್ಲ. ಟೀಚರ ಸೀರೆಗೂ ಅದೇ ವಾಸನೆ ಇರುತ್ತದೆ.

ಮಳೆ ಜೋರಾದರೆ ಊರಿನವರು ಹೊಳೆ ನೋಡಲು ಹೋಗುತ್ತಾರೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, 3.24 ಟಿಎಂಸಿ, ನಾಲ್ಕು ದಿನ ಮಳೆ ಹೊಡೆದರೆ ತುಂಬಿ ಗೇಟು ಎತ್ತಿಬಿಡುತ್ತಾರೆ. ಆಗ ಶಿವಮೊಗ್ಗದಲ್ಲಿ ಒಂದೇ ಪ್ರಶ್ನೆ: ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿರುವ ಕಲ್ಲಿನ ಮಂಟಪವೇ ಊರಿನ ಅಳತೆಗೋಲು. ಕ್ಯೂಸೆಕ್ಕಿನ ಲೆಕ್ಕ ಪತ್ರಿಕೆಯಲ್ಲಿ ಬಂದರೂ ಜನ ಛತ್ರಿ ಹಿಡಿದು ಬಂದು ಕಣ್ಣಾರೆ ನೋಡಿಯೇ ನಂಬುವುದು. ಬಾಗಿನ ಬಿಡುವವರು ಬಿಡುತ್ತಾರೆ, ಜೋಳ ಸುಡುವವನಿಗೆ ಒಳ್ಳೆಯ ವ್ಯಾಪಾರ. ಹೊಳೆ ದಂಡೆಯ ತಗ್ಗಿನ ಕೇರಿಯವರಿಗೆ ಮಾತ್ರ ಇದು ಜಾತ್ರೆಯಲ್ಲ. 2019ರ ಆಗಸ್ಟಿನಲ್ಲಿ ಪಾತ್ರೆ-ಪಡಗ ಹೊತ್ತು ಶಾಲೆಯ ಕೊಠಡಿಗಳಲ್ಲಿ ಮಲಗಿದವರು ಅವರು. ಮಳೆಯ ಸೊಗಸು ಬರೆಯುವಾಗ ಅವರನ್ನು ಮರೆತರೆ ಬರೆದದ್ದು ಸುಳ್ಳಾಗುತ್ತದೆ.

ಭದ್ರಾ ಇಷ್ಟು ಅವಸರದ ಹೊಳೆಯಲ್ಲ. ಲಕ್ಕವಳ್ಳಿಯ ಜಲಾಶಯ 186 ಅಡಿ, 71.5 ಟಿಎಂಸಿ; ಒಂದೊಂದು ವರ್ಷ ತುಂಬುವುದೇ ಇಲ್ಲ. ತುಂಬಿ ನೀರು ಬಿಟ್ಟರೆ ಭದ್ರಾವತಿಯ ನಡುವಿನ ಹೊಸ ಸೇತುವೆ ಮುಳುಗುತ್ತದೆ, ಹಳೇ ಸೇತುವೆ ನಿಂತಿರುತ್ತದೆ. ಇದರ ಮೇಲೆ ಆಡದ ಜೋಕು ಭದ್ರಾವತಿಯಲ್ಲಿ ಉಳಿದಿಲ್ಲ.

ಶಿವಮೊಗ್ಗದಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ರೈಲಿನಲ್ಲಿ ಹೋಗಬಹುದು, ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದು ನೂರಿಪ್ಪತ್ತು ವರ್ಷ ದಾಟಿದೆ. ನಾನು ಬಸ್ಸಿನ ಪಕ್ಷ. ಮಾಚೇನಹಳ್ಳಿಯ ಹಾಲಿನ ಡೇರಿ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಅವರ ಟಿಫಿನ್ ಡಬ್ಬಿಯಿಂದ ಬರುವ ಚಿತ್ರಾನ್ನದ ಒಗ್ಗರಣೆ ಘಮ. ನೀರು ಸೋರುವ ಕಿಟಕಿ ಪಕ್ಕದ ಸೀಟು ಮಾತ್ರ ಯಾವಾಗಲೂ ಖಾಲಿ. ಅಲ್ಲೇ ಕೂರುತ್ತೇನೆ, ಹೊರಗೆ ಕಾಣುತ್ತದೆ.

ಭದ್ರಾವತಿಯ ಮನೆಗಳು ಮಳೆಯ ಜೊತೆಗೆ ಇನ್ನೊಂದು ಪಂಚಾಂಗ ಇಟ್ಟುಕೊಂಡಿದ್ದವು: ಸೈರನ್ನು. ಬೆಂಕಿಪುರ ಅನ್ನಿಸಿಕೊಂಡಿದ್ದ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿ ನಿಲ್ಲಿಸಿದರು, ಮುಂದೆ ಅವರ ಹೆಸರೇ ಬಂತು. 1936ರಲ್ಲಿ ಕಾಗದದ ಕಾರ್ಖಾನೆ ಎಂಪಿಎಂ. ಎರಡು ಕಾರ್ಖಾನೆಗೂ ಜನ ಬಂದದ್ದು ನಾಲ್ಕೂ ದಿಕ್ಕಿನಿಂದ: ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯವರು, ಘಟ್ಟದವರು. ಬೆಳಗಿನ ಪಾಳಿಗೆ ಹೋಗುವವನಿಗೆ ಐದಕ್ಕೇ ಡಬ್ಬಿ ಕಟ್ಟಬೇಕು. ಹಾಗಾಗಿ ಪತ್ರೊಡೆಯಂಥ ಕೆಲಸ ಭಾನುವಾರಕ್ಕೆ, ಉಳಿದ ದಿನ ಬೇಗ ಆಗುವುದು, ಕೆಡದೆ ನಿಲ್ಲುವುದು. ಪಕ್ಕದ ಕ್ವಾರ್ಟರ್ಸಿನ ತಮಿಳರ ಮನೆಯಿಂದ ಇಡ್ಲಿ ಪುಡಿ ಬಂತು, ಈಚೆಯಿಂದ ಕಡುಬು ಹೋಯಿತು. ಭದ್ರಾವತಿಯ ನ್ಯೂಟೌನಿನಲ್ಲಿ ಇವತ್ತಿಗೂ ಕಡುಬನ್ನು ಇಡ್ಲಿ ಪುಡಿ-ಎಣ್ಣೆಯಲ್ಲಿ ಅದ್ದಿ ತಿನ್ನುವವರನ್ನು ಕಂಡಿದ್ದೇನೆ. ತೀರ್ಥಹಳ್ಳಿಯವರು ಇದನ್ನು ಒಪ್ಪಲಿಕ್ಕಿಲ್ಲ. ನನಗೆ ರುಚಿಸಿತು.

ಕಡುಬು ಮಾಡುವುದನ್ನು ನೋಡಬೇಕಾದರೆ ನಮ್ಮ ದೊಡ್ಡಮ್ಮನ ಮನೆಗೆ ಹೋಗಬೇಕು. ಅಕ್ಕಿ ತೊಳೆದು, ನೆರಳಲ್ಲಿ ಆರಹಾಕಿ, ತರಿಯಾಗಿ ಬೀಸಿಟ್ಟಿರುತ್ತಾರೆ. ಉಪ್ಪು ಹಾಕಿದ ನೀರು ಮರಳುವಾಗ ತರಿ ಬಿಟ್ಟುಕೊಂಡು, ಮರದ ಸೌಟಿನಲ್ಲಿ ಗಂಟಾಗದಂತೆ ತಿರುವುತ್ತಾರೆ. ತಿರುವುತ್ತಾ ತಿರುವುತ್ತಾ ತೋಳು ಸೋಲುತ್ತದೆ. ಕೈ ಸುಡುವಷ್ಟು ಬಿಸಿಯಿರುವಾಗಲೇ ತಣ್ಣೀರಲ್ಲಿ ಅಂಗೈ ಅದ್ದಿ ಉಂಡೆ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ. ಕಟ್ಟಿದ ಪ್ರತಿ ಉಂಡೆಗೂ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಾರೆ, ಸಾರು ನಿಲ್ಲುವುದಕ್ಕೆ. ಆಮೇಲೆ ಹಬೆ. ಹಿಂದೆ ಈ ಹೊತ್ತಿಗೆಲ್ಲ ರೇಡಿಯೋ ಉಸುರುತ್ತಿತ್ತು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ ವಾರ್ತೆ ಮುಗಿದರೆ ಕಡುಬು ಬೆಂದಿತು ಅಂತ ಲೆಕ್ಕ. ಉಳಿದ ಕಡುಬನ್ನು ಮರುದಿನ ಪುಡಿ ಮಾಡಿ ಒಗ್ಗರಣೆ ಕೊಡುತ್ತಾರೆ. ಸತ್ಯ ಹೇಳಬೇಕೆಂದರೆ ನಾನು ಹೋಗುವುದು ಆ ಮರುದಿನದ ತಿಂಡಿಗೆ.

ಹೋದ ಸಲ ಹೇಳದೆ ಹೋಗಿ ಬಾಗಿಲಲ್ಲಿ ನಿಂತಾಗ ದೊಡ್ಡಮ್ಮ ಅಂದದ್ದು: ‘ಒಂದು ಫೋನ್ ಮಾಡಿ ಬರೋದಲ್ವೇನೋ, ಕಳಲೆ ನೆನೆಹಾಕ್ತಿದ್ದೆ.’

ಆ ಕಳಲೆಯ ಬಿದಿರಿಗೂ ಭದ್ರಾವತಿಗೂ ಹಳೇ ನಂಟು. ಎಂಪಿಎಂನಲ್ಲಿ ಕಾಗದವಾಗುತ್ತಿದ್ದುದೂ ಇದೇ ಮಲೆನಾಡಿನ ಬಿದಿರು. ಮೊಳಕೆಯಲ್ಲಿ ಮುರಿದದ್ದು ಸಾರಿಗೆ, ಬೆಳೆದದ್ದು ಲಾರಿ ಹತ್ತಿ ಕಾರ್ಖಾನೆಗೆ. ಆ ಕಾಗದದ ಮೇಲೆ ಕನ್ನಡ ಪತ್ರಿಕೆಗಳು ಅಚ್ಚಾದವು, ಹಳೇ ಪತ್ರಿಕೆಯಲ್ಲಿ ಸಂಜೆಯ ಮಂಡಕ್ಕಿ ಕಟ್ಟಿಕೊಟ್ಟರು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಕಾಡಿನಲ್ಲಿ ಕಳಲೆ ಕೀಳುವುದಕ್ಕೆ ಅರಣ್ಯ ಇಲಾಖೆಯ ತಕರಾರು ಇದೆ, ಅದು ನ್ಯಾಯವೂ ಹೌದು. ಎಲ್ಲ ಮೊಳಕೆಯನ್ನೂ ನಾವೇ ತಿಂದರೆ ಆನೆಗೆ ಏನು ಉಳಿಯುತ್ತದೆ? ಹಿತ್ತಲಲ್ಲಿ, ತೋಟದ ಬೇಲಿಯಲ್ಲಿ ಬಿದಿರು ಬೆಳೆದವರ ಕಳಲೆ ಕೊಂಡರೆ ಈ ತಕರಾರಿಲ್ಲ.

ಇಷ್ಟೆಲ್ಲ ಇದ್ದೂ ಎರಡು ಊರಿನ ಬಹುಪಾಲು ಹೋಟೆಲುಗಳ ಬೋರ್ಡಿನಲ್ಲಿ ಕಳಲೆ, ಮರಗೆಸು, ಹಲಸಿನ ಬೀಜದ ಸಾರು ಕಾಣಿಸುವುದಿಲ್ಲ. ಗೋಬಿ ಮಂಚೂರಿಗೆ ಋತುವಿಲ್ಲ, ಅದು ಯಾವಾಗಲೂ ಇರುತ್ತದೆ. ಮೂರು ದಿನ ನೆನೆಸುವ ತಾಳ್ಮೆ ವ್ಯಾಪಾರಕ್ಕೆ ಗಿಟ್ಟುವುದಿಲ್ಲ ಅನ್ನುತ್ತಾರೆ. ಹಾಗಿದ್ದರೆ ಮನೆಯಲ್ಲಿ ಅದು ಗಿಟ್ಟುತ್ತಿರುವುದು ಹೇಗೆ? ನೆನೆಸುವವರ, ಹೆಚ್ಚುವವರ, ತಿರುವುವವರ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯದೇ ಇರುವುದರಿಂದ. ಕಡುಬಿನ ಬಗ್ಗೆ ಫೇಸ್‌ಬುಕ್ಕಿನಲ್ಲಿ ಕಣ್ಣೀರು ಹಾಕುವ ಗಂಡಸರು ಒಂದು ಭಾನುವಾರ ಆ ಸೌಟು ಹಿಡಿದು ನೋಡಲಿ. ಹೋಟೆಲಿನವರು ವಾರಕ್ಕೊಂದು ದಿನವಾದರೂ ‘ಇಂದು ಕಳಲೆ’ ಅಂತ ಸೀಮೆಸುಣ್ಣದಲ್ಲಿ ಬರೆದು, ಹತ್ತು ರೂಪಾಯಿ ಹೆಚ್ಚೇ ಇಡಲಿ, ಕೊಟ್ಟು ತಿನ್ನುವವರಿದ್ದಾರೆ.

ಜೋಗಕ್ಕೆ ಹೊರಟವರಿಗೂ ಒಂದು ಮಾತು. ಹೋಗುವಾಗಲೋ ಬರುವಾಗಲೋ ಒಂದು ರಾತ್ರಿ ಈ ಎರಡು ಊರಿನಲ್ಲಿ ಎಲ್ಲಾದರೂ ಇಳಿದುಕೊಳ್ಳಿ. ನೆಂಟರೋ ಸ್ನೇಹಿತರೋ ಇದ್ದರೆ ಲಾಡ್ಜು ಬೇಡ. ಪುಷ್ಯ ಮಳೆ ಆಗಸ್ಟ್ ಮೊದಲ ವಾರಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಬನ್ನಿ. ಮೂರು ದಿನ ಮೊದಲೇ ಫೋನ್ ಮಾಡಿ.