ಧ್ವಜ ಏರಿಸಿದವರ ಋಣ

(ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಮಾವ ಹತ್ತಿರದ ಹಳ್ಳಿಯೊಂದರ ವಿಷ್ಣು ದೇವಸ್ಥಾನದ ಅರ್ಚಕರು. ಸುಜಾತ ಅವರ ತಂಗಿಯ ಮಗಳು, ತೈವಾನಿನಲ್ಲಿ ಓದಿ ಬಂದವಳು. ನಾಳೆ ಬೆಳಿಗ್ಗೆ ಬ್ರಹ್ಮೋತ್ಸವದ ಧ್ವಜಾರೋಹಣ. ಮನೆಯ ಜಗಲಿಯಲ್ಲಿ ಗರುಡನ ಚಿತ್ರ ಬರೆದ ಬಟ್ಟೆ ಒಣಗುತ್ತಿದೆ.)

ಸುಜಾತ: ಮಾವ, ಗರುಡನಿಗೆ ಕಣ್ಣೇ ಬರೆದಿಲ್ಲವಲ್ಲ?

ಮಾವ: ಕಣ್ಣು ಕೊನೆಗಮ್ಮ. ರಾತ್ರಿ ಅಧಿವಾಸದ ಪೂಜೆ ಹೊತ್ತಿಗೆ ನೇತ್ರೋನ್ಮೀಲನ, ಅಂದರೆ ಕಣ್ಣು ತೆರೆಸೋದು. ಆಮೇಲೆ ಸ್ನಾನ. ಬಣ್ಣದ ಬಟ್ಟೆಗೆ ನೀರು ಹುಯ್ಯೋ ಹಾಗಿಲ್ಲ. ಎದುರಿಗೆ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಕಾಣೋ ಗರುಡನಿಗೆ ಅಭಿಷೇಕ ಮಾಡ್ತೀವಿ. ಅಲ್ಲಿವರೆಗೆ ಇದು ಬರೀ ಬಟ್ಟೆ.

ಸುಜಾತ: ಆಮೇಲೂ ನೂಲು ಅದೇ, ಬಣ್ಣ ಅದೇ. ಬದಲಾಗೋದು ಏನು?

ಮಾವ: ಬಟ್ಟೆಯಲ್ಲಿ ಏನು ಬದಲಾಯಿತು ಅಂತ ನಾನು ತೋರಿಸಲಾರೆ. ನನ್ನಲ್ಲಿ ಏನು ಬದಲಾಗುತ್ತೆ ಅಂತ ಹೇಳಬಲ್ಲೆ. ಈಗ ಇದರ ಅಂಚಿಗೆ ಕುಂಚ ಒರೆಸ್ತೀನಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ತೀನಿ. ನಾಳೆ ಆ ಸಲಿಗೆ ಇರಲ್ಲ. ಗರುಡನಿಗೆ ನೈವೇದ್ಯ ಆಗದೆ ಕಂಬಕ್ಕೆ ಏರಿಸೋ ಹಾಗಿಲ್ಲ. ಏರಿಸಿದ ಮೇಲೆ ನಾನು ಕಂಕಣ ಬಿಚ್ಚೋ ಹಾಗಿಲ್ಲ, ಊರ ಸೀಮೆ ದಾಟೋ ಹಾಗಿಲ್ಲ. ಪವಿತ್ರ ಅನ್ನೋದನ್ನ ನಾನು ಹಾಗೆ ಅರ್ಥ ಮಾಡಿಕೊಂಡಿದ್ದೀನಿ: ನನ್ನ ಕೈಯನ್ನ ಅದು ಎಲ್ಲೆಲ್ಲಿ ತಡೆಯುತ್ತೆ ಅನ್ನೋದರಿಂದ.

ಸುಜಾತ: ತೈವಾನಿನ ತಾವೋ ದೇವಸ್ಥಾನಗಳಲ್ಲಿ ಬಾವುಟ ಕಂಡಾಗ ನನಗೆ ಇದಕ್ಕೆ ವಿರುದ್ಧವಾಗಿ ಅನ್ನಿಸಿತ್ತು. ಅಲ್ಲಿ ಐದು ಬಾವುಟ ಇಡ್ತಾರೆ. ಪೂರ್ವಕ್ಕೆ ಹಸಿರು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಬಿಳಿ, ಉತ್ತರಕ್ಕೆ ಕಪ್ಪು, ನಡುವಿಗೆ ಹಳದಿ. ಒಂದೊಂದು ದಿಕ್ಕಿಗೂ ಕಣ್ಣಿಗೆ ಕಾಣದ ಸೇನೆ, ಅದಕ್ಕೊಬ್ಬ ಸೇನಾಪತಿ. ಬಾವುಟದ ಮೇಲೆ ‘ಆಜ್ಞೆ’ ಅಂತ ಬರೆದಿರುತ್ತೆ. ಪುರೋಹಿತರು ಅದನ್ನ ಬೀಸಿ ಸೇನೆಯನ್ನ ಊರ ಕಾವಲಿಗೆ ಕಳಿಸ್ತಾರೆ. ಅಲ್ಲಿ ಬಾವುಟ ಹಿಡಿದವರ ಕೈಯನ್ನ ಯಾರೂ ತಡೆಯಲ್ಲ, ಆ ಕೈಗೆ ಅಧಿಕಾರ ಬರುತ್ತೆ.

ಮಾವ: ಆ ಸೇನೆಗೆ ಊಟ?

ಸುಜಾತ: ಊಟ?

ಮಾವ: ಕಾವಲಿಗೆ ಕಳಿಸಿದ ಮೇಲೆ ಊಟ ಹಾಕಬೇಕಲ್ಲ.

ಸುಜಾತ: ಹಾಕ್ತಾರೆ ಮಾವ! ಎಷ್ಟೋ ಕಡೆ ಚಾಂದ್ರಮಾನದ ತಿಂಗಳಿಗೆ ಎರಡು ಸಲ ಊರವರೆಲ್ಲ ದೇವಸ್ಥಾನದ ಮುಂದೆ ಮೇಜು ಹಾಕಿ, ಅನ್ನ, ಹಣ್ಣು, ತಿಂಡಿ ಇಡ್ತಾರೆ. ಸೈನಿಕರಿಗೆ, ಅವರ ಕುದುರೆಗಳಿಗೆ.

ಮಾವ: ಹಾಗಿದ್ದರೆ ಅದು ಬರೀ ಆಜ್ಞೆ ಅಲ್ಲ, ಸಾಲವೂ ಹೌದು. ನಾವು ನಾಳೆ ಮಾಡೋದೂ ಅದೇ. ಭೇರಿ ತಾಡನ ಮಾಡಿ ಇಂದ್ರ, ಅಗ್ನಿ, ಯಮ, ನಿರೃತಿ, ವರುಣ, ವಾಯು, ಕುಬೇರ, ಈಶಾನ ಅಂತ ಎಂಟು ದಿಕ್ಕಿನವರನ್ನ ಕರೀತೀವಿ. ನಾವು ಅಪ್ಪಣೆ ಮಾಡಲ್ಲ, ಬನ್ನಿ ಅಂತೀವಿ. ಆದರೆ ಉತ್ಸವ ಮುಗಿಯೋವರೆಗೆ ದಿನಾ ಅವರಿಗೆ ಅನ್ನದ ಬಲಿ ಹಾಕಲೇಬೇಕು. ನೆಂಟರನ್ನ ಮದುವೆಗೆ ಕರೆದು ಯಜಮಾನ ಬಾಗಿಲು ಹಾಕಿಕೊಂಡು ಹೊರಟುಹೋದ ಅಂದರೆ ಹೇಗಿರುತ್ತೆ? ಅದಕ್ಕೇ ನಾನು ಸೀಮೆ ದಾಟಲ್ಲ.

ಸುಜಾತ: ದೇವರು ಎಲ್ಲ ಕಡೆ ಇದ್ದಾನೆ ಅಂತೀರಿ. ಇಲ್ಲೇ ಇರೋನನ್ನ ಕರೆಯೋದು ಯಾಕೆ?

ಮಾವ: ಅವನಿಗೆ ಗೊತ್ತಾಗಲಿ ಅಂತಲ್ಲ. ಕರೆದೆ ಅನ್ನೋದು ನನಗೆ ಗೊತ್ತಿರಲಿ ಅಂತ. ಕರೆಯದೆ ಇರೋವರೆಗೆ ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಶಿಡ್ಲಘಟ್ಟದ ದಾರಿ ಉದ್ದಕ್ಕೂ ಫ್ಲೆಕ್ಸ್ ನೋಡಿದೆಯಲ್ಲ, ಜಾತ್ರೆಗೆ ಸ್ವಾಗತ ಅಂತ ಯಾರ್ಯಾರದೋ ಮುಖ. ಆ ಮುಖದವರಿಗೆ ಯಾವ ಕಟ್ಟೂ ಇಲ್ಲ. ನನಗೆ ಆ ಫ್ಲೆಕ್ಸ್ ಕಂಡರೆ ಸಂಕಟ ಆಗುತ್ತೆ.

ಸುಜಾತ: ಸರಿ. ಹಾಗಾದರೆ ಮಂತ್ರ ಬೇಕೇ ಬೇಕಾ? ವಿದುರಾಶ್ವತ್ಥದ ಬಾವುಟಕ್ಕೆ ಯಾವ ಅಧಿವಾಸ ಆಗಿತ್ತು?

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದೂ ಜಾತ್ರೆಯ ಕಾಲವೇ.

ಸುಜಾತ: ಅದಕ್ಕೇ ಕೇಳಿದ್ದು. 1938ರ ಏಪ್ರಿಲ್ 11ಕ್ಕೆ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಮೈಸೂರು ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದರು. ಎರಡು ವಾರಕ್ಕೆ, 25ನೇ ತಾರೀಖು, ನಮ್ಮ ಗೌರಿಬಿದನೂರು ಸೀಮೆಯ ವಿದುರಾಶ್ವತ್ಥದಲ್ಲಿ, ಅಶ್ವತ್ಥನಾರಾಯಣನ ಸನ್ನಿಧಿಯಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಕಾಂಗ್ರೆಸ್ಸಿನದು ಇನ್ನೊಂದು. ನಮ್ಮ ಕಡೆಯವರು 32 ಅಂತಾರೆ. ಆ ಬಾವುಟ ಚರಕದ ಚಿತ್ರ ಇದ್ದ ಖಾದಿ ಬಟ್ಟೆ. ಕಣ್ಣು ತೆರೆಸಿದವರು ಯಾರೂ ಇರಲಿಲ್ಲ.

ಮಾವ: ಸರ್ಕಾರ ಅದನ್ನ ನಿನ್ನ ತೈವಾನಿನ ಬಾವುಟದ ಹಾಗೆ ನೋಡಿತು. ಇಲ್ಲಿ ಆಜ್ಞೆ ಯಾರದು ಅನ್ನೋ ಪ್ರಶ್ನೆ ಅಂತ. ಬಂದ ಜನಕ್ಕೆ ಅದು ಅಷ್ಟೇ ಆಗಿರಲಿಲ್ಲ ಅನ್ನಿಸುತ್ತೆ. ನಿಷೇಧ ಇದೆ ಅಂತ ಗೊತ್ತಿದ್ದೂ ಬಂದರಲ್ಲ. ಕೈಗೆ ಯಾರೂ ದಾರ ಕಟ್ಟದೆ ತಾವೇ ಕಂಕಣ ಕಟ್ಟಿಕೊಂಡವರು ಅವರು. ನಾನು ಮಂತ್ರವನ್ನ ಬಿಟ್ಟುಕೊಡಲ್ಲ ಸುಜಾತ, ನನ್ನ ಜೀವನವೇ ಅದು. ಆದರೆ ಅವರ ಬಾವುಟಕ್ಕೆ ಪ್ರತಿಷ್ಠೆ ಆಗಿರಲಿಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಸುಜಾತ: ಆಮೇಲೆ ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ, ಕಾಂಗ್ರೆಸ್ ಬಾವುಟವನ್ನ ಸಂಸ್ಥಾನದ ಬಾವುಟದ ಜೊತೆಗೇ ಹಾರಿಸಬಹುದು ಅಂತ ಒಪ್ಪಂದ ಆಯಿತು. ಎರಡು ಆಜ್ಞೆ ಒಟ್ಟಿಗೆ ಇರೋಕೆ ಆಗಲ್ಲ. ಎರಡು ಋಣ ಇರಬಹುದು, ಅಲ್ಲವಾ?

ಮಾವ: ಇರಬಹುದು. ಎಷ್ಟು ಬೇಕಾದರೂ ಇರಬಹುದು.

ಸುಜಾತ: ಹಾಗಾದರೆ ಋಣವನ್ನ ದುಡ್ಡು ಕೊಟ್ಟು ಕೊಳ್ಳಬಹುದಾ? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಮುಕ್ತಿ ಬಾವುಟ ಹರಾಜು ಹಾಕ್ತಾರೆ, ಲಕ್ಷಗಟ್ಟಲೆ ಕೂಗ್ತಾರೆ. ಹೆಚ್ಚು ದುಡ್ಡು ಇದ್ದವರಿಗೆ ಬಾವುಟ.

ಮಾವ: ಅಲ್ಲಿಯ ಭಕ್ತಿಯನ್ನ ಹಗುರ ಮಾಡಬೇಡ. ಬಾವುಟ ಹಿಡಿದವನು ತನ್ನದನ್ನ ಕೊಟ್ಟೇ ಹಿಡಿದಿರ್ತಾನೆ, ಆ ದುಡ್ಡು ದೇವಸ್ಥಾನಕ್ಕೇ ಸಲ್ಲುತ್ತೆ. ನನ್ನ ಸಂಪ್ರದಾಯ ಬೇರೆ, ಅಷ್ಟೇ. ನಮ್ಮಲ್ಲಿ ಧ್ವಜ ಯಾರ ಮನೆಗೂ ಹೋಗಲ್ಲ. ಕೊನೇ ದಿನ ಅವರೋಹಣ ಮಾಡಿ, ಕರೆದವರನ್ನೆಲ್ಲ ಅವರವರ ಜಾಗಕ್ಕೆ ಬೀಳ್ಕೊಡ್ತೀವಿ. ಏರಿಸೋಕೆ ಊರೆಲ್ಲ ಬರುತ್ತೆ. ಇಳಿಸೋಕೆ ನಾಲ್ಕು ಜನ ಇದ್ದರೆ ಹೆಚ್ಚು. ನನಗೆ ಇಳಿಸೋದೇ ದೊಡ್ಡದು. ಕರೆದವರನ್ನ ಮರ್ಯಾದೆಯಿಂದ ಕಳಿಸೋಕೆ ಬಾರದವನು ಕರೆಯಬಾರದು.

ಸುಜಾತ: ಬೈಲಕುಪ್ಪೆಯ ಟಿಬೆಟಿಯನ್ನರು ಇಳಿಸೋದೇ ಇಲ್ಲ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಅಂತ ಮಂತ್ರ ಅಚ್ಚಾದ ಬಟ್ಟೆ ಕಟ್ಟಿ ಬಿಡ್ತಾರೆ. ಗಾಳಿಗೆ, ಬಿಸಿಲಿಗೆ ಅಕ್ಷರ ಅಳಿಸಿಹೋಗಲಿ ಅಂತಲೇ. ಹಳೇದರ ಪಕ್ಕದಲ್ಲಿ ಹೊಸದು ಕಟ್ತಾರೆ.

ಮಾವ: ಅಲ್ಲಿ ಬೀಳ್ಕೊಡೋ ಕೆಲಸ ಗಾಳಿಯದು. ಒಳ್ಳೇದು. ಇಳಿಸೋ ಯೋಚನೆಯೇ ಇಲ್ಲದೆ ಏರಿಸೋದು ಮಾತ್ರ ನನಗೆ ಭಯ.

ಸುಜಾತ: ಆಗಸ್ಟ್ ಹದಿನಾರಕ್ಕೆ ರಸ್ತೆ ಬದಿ ಬಿದ್ದಿರೋ ಪಾಲಿಯೆಸ್ಟರ್ ಬಾವುಟದ ಹಾಗೆ. ಹರಿದ ಬಾವುಟವನ್ನ ಏಕಾಂತದಲ್ಲಿ, ಗೌರವದಿಂದ, ಆದಷ್ಟೂ ಸುಟ್ಟು ವಿಸರ್ಜಿಸಬೇಕು ಅಂತ ಧ್ವಜ ಸಂಹಿತೆಯಲ್ಲೇ ಇದೆ. ಅದನ್ನ ಓದಿದವರು ಕಡಿಮೆ. ಮಾವ, ಇನ್ನೊಂದು ಕೇಳಲಾ? ಬೇಜಾರು ಮಾಡಿಕೊಳ್ಳಬಾರದು.

ಮಾವ: ಕೇಳು.

ಸುಜಾತ: ಎಂಟು ದಿಕ್ಕಿನವರನ್ನ ಕರೀತೀರಿ. ಊರಿನ ಒಂದು ದಿಕ್ಕಿನ ಕೇರಿಯವರನ್ನ? ಗ್ರಾಮದೇವತೆ ಜಾತ್ರೆ ಅಂತ ಊರಿಗೆ ಸಾರುವಾಗ ತಮಟೆ ಹೊಡೆದು ಎಲ್ಲರನ್ನೂ ಕರೆಯೋರು ಅವರೇ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಧ್ವಜದ ಕೆಳಗೆ ಊಟಕ್ಕೆ ಅವರ ಪಂಕ್ತಿ ಇನ್ನೂ ಬೇರೆ. ಇಂದ್ರನಿಗೆ ಸಲ್ಲೋ ಋಣ ಅವರಿಗೆ ಯಾಕೆ ಸಲ್ಲಲ್ಲ?

ಮಾವ: ಪದ್ಧತಿ ಅನ್ನೋ ಉತ್ತರ ನನ್ನ ಹತ್ತಿರ ಇದೆ. ನಿನಗೆ ಅದು ಸಾಲಲ್ಲ. ಇಷ್ಟು ಹೊತ್ತು ನಾನೇ ಹೇಳಿದ್ದನ್ನ ಕೇಳಿಸಿಕೊಂಡ ಮೇಲೆ ನನಗೂ ಸಾಲಲ್ಲ.

ಸುಜಾತ: ಊರಿನ ಹಿರಿಯರ ಹತ್ತಿರ ಮಾತಾಡ್ತೀರಾ?

ಮಾವ: ಮಾತಾಡ್ತೀನಿ. ಒಂದೇ ಪಂಕ್ತಿ ಹಾಕೋಣ ಅಂತ.

ಸುಜಾತ: ಈಗಲೇ ಹೋಗೋಣ, ನಾನೂ ಬರ್ತೀನಿ.

ಮಾವ: ಇವತ್ತು ಬೇಡ. ಇವತ್ತು ಕೇಳಿದರೆ ಎದ್ದು ಹೋಗ್ತಾರೆ, ಕೆಲವರು ಬೆಂಗಳೂರಿಗೇ ಹೊರಟುಬಿಡ್ತಾರೆ. ನಾಳೆ ಧ್ವಜ ಏರಲಿ. ಅವರಲ್ಲಿ ಕಂಕಣ ಕಟ್ಟಿಕೊಂಡವರು ಐದು ಜನ. ಸೀಮೆ ದಾಟೋ ಹಾಗಿಲ್ಲ. ಕೂತು ಕೇಳಲೇಬೇಕು.

ಸುಜಾತ: ನೀವೂ ಎದ್ದು ಬರೋ ಹಾಗಿಲ್ಲವಲ್ಲ ಮಾವ.

ಮಾವ: ಇಲ್ಲ. ಅವರು ಏನೇ ಅಂದರೂ ನಾನೂ ಕೂತು ಕೇಳಬೇಕು. ಆ ಬಟ್ಟೆ ಒಣಗಿದೆಯಾ ನೋಡು, ಕಣ್ಣು ಬರೆಯೋ ಹೊತ್ತಾಯಿತು.