ಒಂದು ಆಳು ಬಾಕಿ

"ಬಸ್ಸಿಗೆ ದುಡ್ಡಿಲ್ವೇನಪ್ಪ?"

ಕೊರಟಗೆರೆಯಿಂದ ಮಧುಗಿರಿ ಕಡೆಗೆ ಹೋಗುವ ಒಳರಸ್ತೆಯೊಂದರಲ್ಲಿ, ಹೊಂಗೆ ಮರದ ಕೆಳಗೆ ಕುರಿ ಬಿಟ್ಟುಕೊಂಡು ಕೂತಿದ್ದ ತಾತ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಐವತ್ತು ಸಾವಿರದ ಸೈಕಲ್ಲನ್ನು ಮರಕ್ಕೆ ಒರಗಿಸಿ, ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದೆ. "ಐತೆ ತಾತ, ಸುಮ್ನೆ ಖುಷಿಗೆ ತುಳೀತಿದೀನಿ" ಅಂದೆ. ಅವರು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಕ್ಯಾರಿಯರ್ರೇ ಇಲ್ವಲ್ಲ, ಏನ್ ಹೊರ್ತೀಯ ಇದ್ರಾಗೆ?" ಅಂದರು. ಯಾವೂರು ಅಂತ ಕೇಳಿದಾಗ ಬೆಂಗಳೂರು ಅಂದೆ.

ಏನೂ ಹೊರಲ್ಲ, ಅದೇ ಇದರ ಸುಖ ಅಂತ ನನಗೆ ನಾನೇ ಹೇಳಿಕೊಂಡು ಮುಂದೆ ಹೋದೆ. ಆ ದಿನ ಕೊಟ್ಟ ಎರಡು ಉತ್ತರವೂ ಪೂರ್ತಿ ನಿಜ ಅಲ್ಲ ಅಂತ ಒಪ್ಪಿಕೊಳ್ಳೋಕೆ ನನಗೆ ಎರಡು ವರ್ಷ ಬೇಕಾಯ್ತು.

ನಿಮ್ಮಲ್ಲೂ ಕೆಲವರಿಗೆ ಈ ಹುಚ್ಚು ಇರುತ್ತೆ. ವಾರವಿಡೀ ಸಿಲ್ಕ್ ಬೋರ್ಡ್‌ನಲ್ಲಿ ಹಾರ್ನ್ ಕೇಳಿ ಕೇಳಿ ಕಿವಿ ಕೆಟ್ಟು, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ ಊರು ಬಿಡೋದು. ನಾನು ಡಾಬಸ್‌ಪೇಟೆ ದಾಟಿ ಕೊರಟಗೆರೆಯಲ್ಲಿ ಕಾರು ನಿಲ್ಲಿಸ್ತೀನಿ. ಅಲ್ಲಿಂದ ಮುಂದೆ ಜಯಮಂಗಲಿ ಹೊಳೆಯ ಸೀಮೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು, ಆಂಧ್ರದ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುವ ಹೊಳೆ. ಹೊಳೆ ಅಂದರೆ ನೀರು ಅಂದ್ಕೋಬೇಡಿ. ವರ್ಷದ ಹೆಚ್ಚು ದಿನ ಬರೀ ಮರಳು, ಜಾಲಿ, ಅಲ್ಲಲ್ಲಿ ಜೊಂಡು. 2022ರ ಮಳೆಗಾಲದಲ್ಲಿ ತುಂಬಿ ಹರಿದಾಗ ಜನ ತೇರು ನೋಡುವ ಹಾಗೆ ದಂಡೆಯ ಮೇಲೆ ನಿಂತು ನೋಡಿದರು. ಉಳಿದಂತೆ ಬಂಡೆ ಬೆಟ್ಟಗಳ ನಡುವೆ ತಿರುಗುವ ಸಣ್ಣ ರಸ್ತೆ, ಬದಿಯಲ್ಲಿ ಹುಣಸೆ ಮರ, ದೂರದಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ. ಅರ್ಧ ಗಂಟೆಗೊಂದು ಬೈಕು. ಚೈನಿನ ಸದ್ದು, ನನ್ನ ಉಸಿರು, ಅಷ್ಟೇ.

ಆ ಬೆಳಿಗ್ಗೆ ಒಂದು ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದೆ. "ಎಂಥಾ ಮೌನ! ಒಂದು ನರಪಿಳ್ಳೆಯೂ ಇಲ್ಲ" ಅಂತ ಬರೆದೆ. ಮರದ ಕೆಳಗಿನ ತಾತ ಫೋಟೋದ ಅಂಚಿನಲ್ಲಿ ಇದ್ದರು. ಅವರನ್ನು ಕ್ರಾಪ್ ಮಾಡಿದ್ದೆ.

ಸ್ಪೇನಿನಲ್ಲಿರುವ ಗೆಳೆಯನೊಬ್ಬ ಅದಕ್ಕೆ ತನ್ನ ಫೋಟೋ ಕಳಿಸಿದ. ಎಬ್ರೋ ನದಿಯ ಕಣಿವೆ. ರೈಲು ನಿಂತುಹೋದ ಹಳೇ ಹಳಿಗಳ ಜಾಗವನ್ನು ಅಲ್ಲಿ ನಡೆಯೋರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. 'ವಿಯಾ ವೆರ್ದೆ', ಹಸಿರು ದಾರಿ. ಬಾದಾಮಿ ತೋಟ, ಕಲ್ಲಿನ ಊರು, ಮುಚ್ಚಿದ ಸ್ಟೇಷನ್ನು. ಸ್ವರ್ಗ ಕಣೋ ಅಂದೆ. ಅವನು ಒಂದು ಮಾತು ಹೇಳಿದ, ಅದು ತಲೆಯಿಂದ ಹೋಗಲೇ ಇಲ್ಲ. ಸ್ಪೇನಿನ ಒಳನಾಡನ್ನು ಒಬ್ಬ ಲೇಖಕ 2016ರಲ್ಲಿ 'ಖಾಲಿ ಸ್ಪೇನ್' ಅಂತ ಕರೆದ. ಆ ಹೆಸರು ಜನಪ್ರಿಯವಾಯ್ತು. ಆದರೆ ಅಲ್ಲೇ ಉಳಿದಿದ್ದ ಜನ ಅದನ್ನು ತಿದ್ದಿದರು. ಖಾಲಿ ಅಲ್ಲ, 'ಖಾಲಿ ಮಾಡಿಸಿದ ಸ್ಪೇನ್' ಅನ್ನಿ ಅಂದರು. 2019ರ ಮಾರ್ಚ್ 31ರಂದು ಇದೇ ಹೆಸರು ಹಿಡಿದು ಸಾವಿರಾರು ಜನ ಮ್ಯಾಡ್ರಿಡ್‌ನ ಬೀದಿಗಿಳಿದರು. ನಮಗೂ ರೈಲು ಕೊಡಿ, ಡಾಕ್ಟರು ಕೊಡಿ, ಇಂಟರ್ನೆಟ್ಟು ಕೊಡಿ ಅಂತ ಕೇಳಿದರು.

ನಮ್ಮ ಮಾತಿನಲ್ಲಿ ಈ ತಿದ್ದುಪಡಿ ಇನ್ನೂ ಆಗಿಲ್ಲ ಅನ್ಸುತ್ತೆ. ಬಾವಿ ಬತ್ತೋಯ್ತು, ಊರು ಖಾಲಿಯಾಯ್ತು, ಮನೆ ಬಿದ್ದೋಯ್ತು ಅಂತೀವಿ. ಎಲ್ಲವೂ ತಾನಾಗೇ ಆದದ್ದು, ಮಾಡಿದವರು ಯಾರೂ ಇಲ್ಲ.

ಈಗ ನಿಜ ಹೇಳಿಬಿಡ್ತೀನಿ. ಆ ಹೊಂಗೆ ಮರದಿಂದ ಕೂಗಳತೆಯಲ್ಲಿರೋದು ನಮ್ಮಪ್ಪನ ಊರು. ಬಾವಿ ಬತ್ತಿ, ಕೊರೆಸಿದ ಎರಡು ಬೋರ್‌ವೆಲ್ಲೂ ಕೈಕೊಟ್ಟ ಮೇಲೆ ಅಪ್ಪ ಪೀಣ್ಯದ ಫ್ಯಾಕ್ಟರಿ ಸೇರಿದ್ದು. ಮನೆಯ ಚಾವಣಿ ಕುಸಿದು ವರ್ಷಗಳಾದವು. ಒಂದೆಕರೆ ಬೀಳು ಇನ್ನೂ ನಮ್ಮ ಹೆಸರಿನಲ್ಲೇ ಇದೆ. ನನಗೆ ಅಷ್ಟು ಹಿತವಾಗಿದ್ದ ಆ ಮೌನದಲ್ಲಿ ನಮ್ಮ ಮನೆಯ ಪಾಲೂ ಇತ್ತು.

ಈ ಸೀಮೆಗೆ ಇನ್ನೊಂದು ಥರದ ಮೌನ ಗೊತ್ತಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳಬರನ್ನು ತಲಪರಿಗೆ ಅಂದರೇನು ಅಂತ ಕೇಳಿ ನೋಡಿ. ಮರಳು ಮಣ್ಣಿನ ತಗ್ಗಿನಲ್ಲಿ, ಕೆರೆಯ ಆಸುಪಾಸಿನಲ್ಲಿ, ಹೊಳೆ ಹಳ್ಳದ ಪಕ್ಕದಲ್ಲಿ ಆಳವಿಲ್ಲದೆ ಜಿನುಗುವ ಊಟೆ. ಅಲ್ಲಿ ಗುಂಡಿ ತೋಡಿ, ಕಾಲುವೆ ಮಾಡಿ, ನೀರನ್ನು ಗದ್ದೆಗೆ ಹರಿಸ್ತಿದ್ದರು. ಮೋಟಾರಿಲ್ಲ, ಕರೆಂಟಿಲ್ಲ, ಸದ್ದಿಲ್ಲ. ಆದರೆ ಆ ಮೌನದ ಹಿಂದೆ ಇಡೀ ಊರು ಇರ್ತಿತ್ತು. ಹೂಳು ತುಂಬಿದರೆ ಊಟೆ ಕಟ್ಟಿಕೊಳ್ಳುತ್ತೆ. ಅದಕ್ಕೇ ತಲಪರಿಗೆ ಕೆಳಗೆ ಜಮೀನಿದ್ದವರೆಲ್ಲ ಸೇರಿ ಹೂಳು ತೆಗೀಬೇಕು. ನೀರನ್ನು ಸರದಿ ಮೇಲೆ ಹಂಚಿಕೋಬೇಕು. ಬೋರ್‌ವೆಲ್ ಬಂದಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ನೀರನ್ನು ಆಳದಿಂದ ಎತ್ತಿಕೊಂಡರು, ಮೇಲಿನ ಊಟೆಗಳು ಒಣಗಿದವು. ಪಕ್ಕದವನ ಜೊತೆ ಮಾತಾಡದೆಯೂ ಬೇಸಾಯ ಮಾಡಬಹುದು ಅಂತಾಯ್ತು. ಆಮೇಲೆ ಬೇಸಾಯವೇ ಕಷ್ಟ ಅಂತಾಯ್ತು.

ಮೂರನೇ ಥರದ ಮೌನ ನೋಡಬೇಕಾದರೆ ಪಾವಗಡಕ್ಕೆ ಹೋಗಬೇಕು. ಒಂದು ಸಲ ಮಧುಗಿರಿಯಲ್ಲಿ ತಂಗಿ ಮಾರನೇ ದಿನ ಅಲ್ಲಿವರೆಗೂ ತುಳಿದೆ. ತಿರುಮಣಿ, ವಳ್ಳೂರು ಕಡೆ ಕಡ್ಲೆಕಾಯಿ ಬೆಳೀತಿದ್ದ ನೆಲದಲ್ಲಿ ಈಗ ಸೌರಫಲಕಗಳು. ಐದು ಊರುಗಳ 13,000 ಎಕರೆ, 2,050 ಮೆಗಾವ್ಯಾಟ್. ನಮ್ಮ ಆಫೀಸಿನ ಎಸಿಯಲ್ಲಿ ಅದರ ಪಾಲೂ ಇರಬಹುದು. ಜಮೀನನ್ನು ಕಿತ್ತುಕೊಂಡಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದಲ್ಲಿ ಬೆಂದ ರೈತನಿಗೆ ಅದು ಸಣ್ಣ ಮಾತಲ್ಲ. ಆದರೆ ಜಮೀನಿಲ್ಲದೆ ಕಳೆ ಕೀಳೋಕೆ, ಕಾಯಿ ಬಿಡಿಸೋಕೆ ಕೂಲಿಗೆ ಹೋಗ್ತಿದ್ದವರಿಗೆ ಗುತ್ತಿಗೆಗೆ ಕೊಡಲು ಏನಿತ್ತು? ಬೇಲಿಯ ಪಕ್ಕದ ನುಣುಪು ರಸ್ತೆಯಲ್ಲಿ ನನ್ನ ಸೈಕಲ್ಲು ಚೆನ್ನಾಗೇ ಓಡಿತು.

ಎಲ್ಲ ಮೌನವೂ ಯಾರದೋ ನಷ್ಟ ಅಂತ ಹೇಳ್ತಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲು ಮಾಡಿದರು. ಅಲ್ಲಿ ನಾವು ಬಾಯಿ ಮುಚ್ಚಿಕೊಂಡಿದ್ದಷ್ಟೂ ಒಳ್ಳೇದು. ಹಾಗಾಗಿ ನನ್ನ ಪ್ರಶ್ನೆ, ನಿಶ್ಶಬ್ದ ಒಳ್ಳೇದಾ ಕೆಟ್ಟದ್ದಾ ಅನ್ನೋದಲ್ಲ. ಇದನ್ನು ಯಾರು ತೆತ್ತರು, ಯಾರು ಅನುಭವಿಸ್ತಿದಾರೆ ಅನ್ನೋದು. ನಾನು ಮಾಡದ ಕೇಡಿನಿಂದ ನನಗೆ ಸುಖ ಸಿಕ್ಕರೆ, ಅದರ ಋಣ ನನ್ನ ಮೇಲಿದೆಯಾ?

ಇಲ್ಲ ಅಂತ ವಾದಿಸಬಹುದಿತ್ತು, ಆ ಫೋಟೋ ಹಾಕದೇ ಇದ್ದಿದ್ದರೆ. ಅದನ್ನು ನೋಡಿದ ಸಹೋದ್ಯೋಗಿಯೊಬ್ಬರು, "ಇಷ್ಟು ಪ್ರಶಾಂತವಾಗಿದೆಯಲ್ಲ, ಅಲ್ಲಿ ಜಾಗ ಸಿಗುತ್ತಾ?" ಅಂತ ಕೇಳಿದರು. ಟೀ ಅಂಗಡಿಯಲ್ಲಿ ಸಿಕ್ಕಿದ್ದ ಬ್ರೋಕರ್ ನಂಬರ್ ಕೊಟ್ಟೆ. ಅಷ್ಟೇ ನಾನು ಮಾಡಿದ್ದು. ಮುಂದಿನ ವರ್ಷ ಅದೇ ರಸ್ತೆಯಲ್ಲಿ ಹೋದಾಗ ಎರಡೆಕರೆಗೆ ತಂತಿಬೇಲಿ ಬಿದ್ದಿತ್ತು. ಕುರಿಗಳು ಹಳೇ ತಲಪರಿಗೆ ಗುಂಡಿಗೆ ಹೋಗ್ತಿದ್ದ ಕಾಲುದಾರಿ ಬೇಲಿಯ ಒಳಗಾಗಿತ್ತು. ತಾತ ಈಗ ಸುತ್ತಿಕೊಂಡು ಹೋಗ್ತಿದ್ದರು.

ಆವತ್ತು ಏನೂ ಹೇಳಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ನಿದ್ದೆ ಸರಿಯಾಗಿ ಬರಲಿಲ್ಲ. ಮುಂದಿನ ತಿಂಗಳು ಹೋಗಿ ಮರದ ಕೆಳಗೆ ಕೂತು ಹೇಳಿದೆ. "ತಾತ, ಬ್ರೋಕರ್ ನಂಬರ್ ಕೊಟ್ಟಿದ್ದು ನಾನೇ." ಅವರು ಬೀಡಿ ಹಚ್ಚಿದರು. ಬಯ್ಯಲಿಲ್ಲ. "ಮಾರಿದೋನು ನಮ್ಮೂರೋನೇ ಅಲ್ವೇನಪ್ಪ. ಆಸ್ಪತ್ರೆ ಖರ್ಚಿತ್ತು ಅವ್ನಿಗೆ. ನೀ ಕೊಡ್ದಿದ್ರೆ ಇನ್ನೊಬ್ಬ ಕೊಡ್ತಿದ್ದ." ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇನ್ನೊಬ್ಬ ಕೊಡ್ತಿದ್ದ ಅನ್ನೋ ಮಾತನ್ನು ಹೇಳೋ ಹಕ್ಕು ಅವರಿಗಿದೆ, ನನಗಿಲ್ಲ. ಎಲ್ಲರೂ ಆ ಮಾತು ಆಡಿಕೊಂಡೇ ಊರು ತಾನಾಗಿ ಖಾಲಿಯಾಗೋದು.

ಕೊನೆಗೆ ಅಪ್ಪನ ಹೆಸರು, ಅವರ ಅಪ್ಪನ ಹೆಸರು ಹೇಳಿದೆ. ತಾತ ನನ್ನ ಮುಖವನ್ನೇ ನೋಡಿದರು. "ಅವ್ರ ಮೊಮ್ಮಗನಾ ನೀನು? ಬೆಂಗಳೂರು ಅಂದ್ಯಲ್ಲೋ!" ಆಮೇಲೆ, ಲೆಕ್ಕದ ಪುಸ್ತಕ ತೆಗೆದವರ ಹಾಗೆ, "ನಿಮ್ಮೊಂದೆಕರೆ ತಲಪರಿಗೆ ಕೆಳಗೇ ಐತೆ. ಹೂಳ್ ತೆಗೆಯೋಕೆ ಮನೆಗೊಂದಾಳು. ನಿಮ್ಮನೆ ಆಳು ಬಾಕಿ ಐತೆ ಕಣಪ್ಪ, ಎಷ್ಟೋ ವರ್ಷದಿಂದ" ಅಂದರು.

ಋಣ, ನೈತಿಕತೆ, ಪಾಪಪ್ರಜ್ಞೆ ಅಂತೆಲ್ಲ ತಿಂಗಳುಗಟ್ಟಲೆ ಯೋಚಿಸಿದ್ದವನಿಗೆ ಇಷ್ಟು ಸರಳವಾದ ಲೆಕ್ಕ ಹೊಳೆದಿರಲಿಲ್ಲ. ಮರುಕ ಪಡೋದು ಸುಲಭ. ಡಾಬಸ್‌ಪೇಟೆ ಟೋಲ್ ದಾಟುವಷ್ಟರಲ್ಲಿ ಅದು ಬೆವರಿನ ಜೊತೆ ಆರಿಹೋಗುತ್ತೆ. ಬಾಕಿ ಆರಲ್ಲ. ಹಾಗಂತ ನಾನು ಊರಿಗೆ ವಾಪಸ್ ಹೋಗಿ ಬೇಸಾಯ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ. ಸೈಕಲ್ ತುಳಿಯೋದನ್ನೂ ಬಿಡಲ್ಲ. ಆ ಫೋಟೋದ ಕೆಳಗಿನ ಸಾಲನ್ನು ಮಾತ್ರ ಅಳಿಸಿದೆ. ಕಾಲುದಾರಿಯಷ್ಟು ಜಾಗ ಬಿಟ್ಟುಕೊಡಿ ಅಂತ ಸಹೋದ್ಯೋಗಿಯನ್ನು ಕೇಳಿದೀನಿ. ಇನ್ನೂ ಉತ್ತರ ಬಂದಿಲ್ಲ. ಎದುರು ಸಿಕ್ಕಾಗ ಮತ್ತೆ ಕೇಳ್ತೀನಿ.

ಬೇಸಿಗೆಯಲ್ಲಿ ಊರಿನಲ್ಲಿ ಉಳಿದಿರುವ ಏಳೆಂಟು ಮನೆಯವರು ತಲಪರಿಗೆ ಹೂಳು ತೆಗೀಬೇಕು ಅಂತಿದಾರೆ. ನೀರು ಬರುತ್ತೋ ಇಲ್ವೋ ಯಾರಿಗೂ ಖಾತ್ರಿಯಿಲ್ಲ. ಬರ್ತೀನಿ, ಆದರೆ ಸಲಿಕೆ ಹಿಡಿದು ಅಭ್ಯಾಸ ಇಲ್ಲ ಅಂದೆ. ತಾತ ನನ್ನ ಸೈಕಲ್ಲಿನ ಕಡೆ ಇನ್ನೊಂದು ಸಲ ನೋಡಿ ಹೇಳಿದರು:

"ಸಲಿಕೆ ನಾವೇ ಕೊಡ್ತೀವಿ. ಇದುಕ್ಕೊಂದು ಕ್ಯಾರಿಯರ್ ಹಾಕಿಸ್ಕೊಂಡ್ ಬಾ."