ನೋಡಲು ಏನಿದೆ?

ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರ್ ದಾರಿ. ‘ಅಲ್ಲಿ ನೋಡಲು ಏನಿದೆ?’ ಎಂದು ಹೊರಗಿನವರು ಕೇಳಿದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ಹೇಳುತ್ತೇವೆ. ಆ ಊರನ್ನು ಬೆಳೆಸಿದ ಕಬ್ಬಿಣದ ಕಾರ್ಖಾನೆಯನ್ನು ಯಾರೂ ಹೇಳುವುದಿಲ್ಲ.

1923ರಲ್ಲಿ ಅಲ್ಲಿ ಕಬ್ಬಿಣ ತಯಾರಾಗತೊಡಗಿತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲೇ ಕುಲುಮೆಗೆ ಆಧಾರ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಊರಿನ ಒಲೆಗಳು ಉರಿದದ್ದು ಕಾಡಿನ ಲೆಕ್ಕದಲ್ಲಿ. 2023ರಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದು ಕಾರ್ಮಿಕರು ಬೀದಿಗಿಳಿದಾಗ ನನಗೊಂದು ಅಳುಕು: ಇವರ ಪರ ನಿಂತರೆ ಕಾಡಿಗೆ ದ್ರೋಹ ಮಾಡಿದಂತೆಯೇ?

ಅಲ್ಲ ಎನಿಸುತ್ತದೆ. ಕಾಡಿನ ಋಣ ಕುಲುಮೆಯ ಮುಂದೆ ಬೆವರು ಸುರಿಸಿದವನೊಬ್ಬನದಲ್ಲ. ಆ ಕಬ್ಬಿಣವನ್ನು ಬಳಸಿದ ನಾಡಿನದ್ದೆಲ್ಲ. ಅವನ ಕೆಲಸ ಹೋದ ಮಾತ್ರಕ್ಕೆ ಕಡಿದ ಒಂದು ಮರವೂ ಮರಳುವುದಿಲ್ಲ, ನಮ್ಮ ಸಾಲವೂ ತೀರುವುದಿಲ್ಲ. ಲಾಭವನ್ನು ಎಲ್ಲರೂ ಹಂಚಿಕೊಂಡು, ನಷ್ಟವನ್ನು ಒಂದು ಊರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಮುಂದೆ ಯಾರಾದರೂ ಕೇಳಿದರೆ ದೇವಾಲಯದ ಜೊತೆ ಕಾರ್ಖಾನೆಯನ್ನೂ ಹೇಳುತ್ತೇನೆ. ಅದು ಕೊಟ್ಟ ಅನ್ನವನ್ನೂ, ತಿಂದ ಕಾಡನ್ನೂ ಸೇರಿಸಿಯೇ.